ಹೊಸ ಪೈಲಟ್ ಕೆಲಸ: ಬೇಸ್ ಯಾವುದು ಬರೆಯಲಿ? ದಾವಣಗೆರೆಯಿಂದ ಓಡಾಡಬಹುದಾ?

ದಾವಣಗೆರೆ_ಹಕ್ಕಿ:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಕೊನೆಗೂ ಕೆಲಸ ಸಿಕ್ಕಿದೆ. ಎ320 ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮುಗಿದಿದೆ, ಮುಂದಿನ ತಿಂಗಳು ಲೈನ್ ಟ್ರೈನಿಂಗ್ (ಪ್ರಯಾಣಿಕರಿರುವ ವಿಮಾನದಲ್ಲಿ ಟ್ರೈನಿಂಗ್ ಕ್ಯಾಪ್ಟನ್ ಜೊತೆ ಹಾರುವುದು) ಶುರು. ಕಂಪನಿಯವರು ಒಂದು ಫಾರ್ಮ್ ಕಳಿಸಿದ್ದಾರೆ. ಬೇಸ್ ಅಂದರೆ ಡ್ಯೂಟಿ ಶುರುವಾಗಿ ಮುಗಿಯುವ ಊರು. ಬೇಕಾದ ಮೂರು ಬೇಸ್‌ಗಳನ್ನು ಒಂದು, ಎರಡು, ಮೂರು ಅಂತ ಬರೆದುಕೊಡಬೇಕು. ಶುಕ್ರವಾರ ಕೊನೆ ದಿನ. ಪಟ್ಟಿಯಲ್ಲಿ ದೆಹಲಿ, ಮುಂಬೈ, ಬೆಂಗಳೂರು, ಹೈದರಾಬಾದ್, ಕೋಲ್ಕತ್ತಾ ಇವೆ.

ಮನೆ ದಾವಣಗೆರೆ. ಅಪ್ಪನಿಗೆ ಹೋದ ವರ್ಷ ಬೈಪಾಸ್ ಆಗಿದೆ, ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ತಂಗಿ ಇನ್ನೂ ಓದುತ್ತಿದ್ದಾಳೆ. ಆದಷ್ಟೂ ಮನೆಯಲ್ಲಿರಬೇಕು ಅನ್ನೋದು ನನ್ನ ಆಸೆ. ಬೆಂಗಳೂರು ಸಿಕ್ಕರೆ ದೇವನಹಳ್ಳಿ ಹತ್ತಿರ ಒಂದು ಪಿಜಿ ಹಿಡಿದು, ರಜೆ ಬಂದಾಗಲೆಲ್ಲ ಊರಿಗೆ ಹೋಗಿಬರುವುದು ಅಂತ ಲೆಕ್ಕ ಹಾಕಿದ್ದೇನೆ. ವಂದೇ ಭಾರತ್‌ನಲ್ಲಿ ನಾಲ್ಕು ಗಂಟೆಯೂ ಆಗುವುದಿಲ್ಲ. ದೆಹಲಿ ಬಂದರೆ ಹುಬ್ಬಳ್ಳಿವರೆಗೆ ವಿಮಾನ, ಅಲ್ಲಿಂದ ಬಸ್ಸು.

ಆದರೆ ನನ್ನ ಬ್ಯಾಚಿನವರು ದೆಹಲಿ ಅಂತ ಬರಿ, ಅಲ್ಲಿ ಟ್ರೈನಿಂಗ್ ಬೇಗ ಮುಗಿಯುತ್ತದೆ ಅನ್ನುತ್ತಿದ್ದಾರೆ. ಸಾಲ ಇದೆ, ಬಾಂಡ್ ಇದೆ, ತಪ್ಪು ಮಾಡಿಕೊಳ್ಳುವ ಹಾಗಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಯಲಹಂಕದವ:
ಅಭಿನಂದನೆಗಳು! ಕಣ್ಣು ಮುಚ್ಚಿ ಬೆಂಗಳೂರು ಬರೆಯಿರಿ. ಆಮೇಲೆ ವರ್ಗ ಕೇಳಿದರೆ ವರ್ಷಗಟ್ಟಲೆ ಕಾಯಿಸುತ್ತಾರೆ.

ಎಟಿಆರ್_ಅಣ್ಣ:
ಖುಷಿಯಾಯಿತು ತಮ್ಮ. ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ಡ್ಯೂಟಿ ಶುರುವಾಗುವುದು ಏರ್‌ಪೋರ್ಟಿನಲ್ಲಿ ರಿಪೋರ್ಟ್ ಮಾಡಿದಾಗ, ಮನೆ ಬಿಟ್ಟಾಗ ಅಲ್ಲ. ದಾವಣಗೆರೆಯಿಂದ ಬಂದೆಯೋ ಪಕ್ಕದ ಬೀದಿಯಿಂದ ಬಂದೆಯೋ ರೋಸ್ಟರ್‌ಗೆ ಗೊತ್ತಾಗುವುದಿಲ್ಲ. ಆ ಓಡಾಟ ಪೂರ್ತಿ ನಿನ್ನ ನಿದ್ದೆಯಿಂದ ಹೋಗುತ್ತದೆ.

ಇನ್ನೊಂದು, ಸ್ಟ್ಯಾಂಡ್‌ಬೈ. ಹೊಸಬರಿಗೆ ಅದು ಜಾಸ್ತಿ ಬರುತ್ತದೆ. ನಮ್ಮಲ್ಲಿ ಫೋನ್ ಬಂದ ಮೇಲೆ ಒಂದೂವರೆ ಗಂಟೆಯೊಳಗೆ ಏರ್‌ಪೋರ್ಟ್ ಮುಟ್ಟಬೇಕು. ಫೋನ್ ಬರಲಿ ಬಿಡಲಿ, ಅವತ್ತು ಬೇಸ್ ಊರು ಬಿಡುವ ಹಾಗಿಲ್ಲ. ರೋಸ್ಟರ್‌ನಲ್ಲಿ ಹಾರಾಟ ಇಲ್ಲದ ದಿನಗಳನ್ನೆಲ್ಲ ಊರಿಗೆ ಹೋಗುವ ದಿನ ಅಂತ ಎಣಿಸಬೇಡ. ಅರ್ಧಕ್ಕರ್ಧ ಹೋಗಿಬಿಡುತ್ತವೆ.

ದಾವಣಗೆರೆ_ಹಕ್ಕಿ:
ಧನ್ಯವಾದ ಅಣ್ಣ. ಸ್ಟ್ಯಾಂಡ್‌ಬೈ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಆದರೆ ವಾರಕ್ಕೊಮ್ಮೆ 36 ಗಂಟೆ ರೆಸ್ಟ್ ಕೊಡಲೇಬೇಕು ಅಂತ ಕ್ಲಾಸಿನಲ್ಲಿ ಹೇಳಿದ್ದರು. ಅದರಲ್ಲಿ ಹೋಗಿಬರಬಹುದಲ್ವಾ?

ಯಲಹಂಕದವ:
36 ಹಳೇ ಲೆಕ್ಕ. 2025ರ ಜುಲೈ 1ರಿಂದ 48 ಗಂಟೆ ಆಗಿದೆ, ಅದರಲ್ಲಿ ಎರಡು ರಾತ್ರಿ ಸೇರಿರಬೇಕು. ಒಂದು ವಾರದ ರೆಸ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ 168 ಗಂಟೆಗಿಂತ ಜಾಸ್ತಿ ಆಗುವ ಹಾಗಿಲ್ಲ. ರಾತ್ರಿ ಹಾರಾಟದ ನಿಯಮಗಳು ಎರಡನೇ ಹಂತದಲ್ಲಿ ನವೆಂಬರ್ 1ಕ್ಕೆ ಬಂದವು. ರಾತ್ರಿ ಅಂದರೆ ಈಗ 12ರಿಂದ 6, ಮೊದಲು 5ರ ತನಕ ಇತ್ತು. ಆ ಡಿಸೆಂಬರ್‌ನಲ್ಲಿ ಇಂಡಿಗೋ ಸಾವಿರಾರು ಫ್ಲೈಟ್ ರದ್ದು ಮಾಡಿದ್ದು ಗೊತ್ತಲ್ವಾ? ಈ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳ ತಯಾರಿ ಇರಲಿಲ್ಲ, ಅದೇ ಮುಖ್ಯ ಕಾರಣ.

ಎಟಿಆರ್_ಅಣ್ಣ:
48 ಸರಿ. ಈಗ ಅದನ್ನು ದಾವಣಗೆರೆಗೆ ಇಟ್ಟು ನೋಡೋಣ. ಮಂಗಳವಾರ ರಾತ್ರಿ 10ಕ್ಕೆ ಡ್ಯೂಟಿ ಮುಗಿಯಿತು ಅಂದುಕೋ. ಯಶವಂತಪುರ ಮುಟ್ಟುವಷ್ಟರಲ್ಲಿ 12. ಆ ಹೊತ್ತಿಗೆ ವಂದೇ ಭಾರತ್ ಇಲ್ಲ, ಸಿಕ್ಕ ಬಸ್ಸು ಹತ್ತಿದರೆ ಬೆಳಗಿನ ಜಾವ 5ಕ್ಕೆ ಊರು. ಒಂದು ರಾತ್ರಿ ಬಸ್ಸಿನಲ್ಲೇ ಹೋಯಿತು. ಗುರುವಾರ ರಾತ್ರಿ 10ಕ್ಕೆ ರೆಸ್ಟ್ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ 5ಕ್ಕೆ ರಿಪೋರ್ಟಿಂಗ್ ಹಾಕಿದ್ದರೆ ಗುರುವಾರ ಮಧ್ಯಾಹ್ನ 2ಕ್ಕೇ ಮನೆ ಬಿಡಬೇಕು. ಮನೆಯಲ್ಲಿದ್ದದ್ದು 33 ಗಂಟೆ, ಹಾಸಿಗೆಯಲ್ಲಿ ಮಲಗಿದ್ದು ಒಂದೇ ರಾತ್ರಿ. ಎರಡು ರಾತ್ರಿ ನಿದ್ದೆ ಮಾಡಲಿ ಅಂತ ನಿಯಮ ಬರೆದರು. ನೀನು ಅದರಲ್ಲಿ ಒಂದನ್ನು ಹೆದ್ದಾರಿಗೆ ಕೊಟ್ಟೆ.

ಇದು ಒಳ್ಳೇ ವಾರದ ಲೆಕ್ಕ. ರೈಲು ತಡವಾಗದ ವಾರದ ಲೆಕ್ಕ.

ದೆಹಲಿ_ದಿನಗಳು:
ನಾನು ಬೇರೆ ಮಾತು ಹೇಳುತ್ತೇನೆ. ಮೊದಲ ಎರಡು ವರ್ಷ ಮನೆ ಮರೆತುಬಿಡಿ. ನಿಮಗೆ ಈಗ ಬೇಕಾಗಿರುವುದು ಗಂಟೆಗಳು. ಕಮಾಂಡ್ (ಕ್ಯಾಪ್ಟನ್ ಹುದ್ದೆ) ಬೇಕು ಅಂದರೆ ಎಟಿಪಿಎಲ್ ಲೈಸೆನ್ಸ್, ಅದಕ್ಕೆ 1500 ಗಂಟೆ ಹಾರಾಟ. ನಾನು ದೆಹಲಿ ಬರೆದೆ. ನಮ್ಮ ಕಂಪನಿಯ ಟ್ರೈನಿಂಗ್ ಕ್ಯಾಪ್ಟನ್‌ಗಳು ಹೆಚ್ಚು ಜನ ಅಲ್ಲೇ ಇದ್ದರು, ನನ್ನ ಲೈನ್ ರಿಲೀಸ್ (ಟ್ರೈನಿಂಗ್ ಮುಗಿದು ಕೋ-ಪೈಲಟ್ ಆಗಿ ಹಾರಲು ಒಪ್ಪಿಗೆ) ಬ್ಯಾಚಿನಲ್ಲೇ ಮೊದಲು ಆಯಿತು. ಬೆಂಗಳೂರಿನಲ್ಲಿ ಉಳಿದ ಗೆಳೆಯ ಟ್ರೈನರ್ ಸಿಗದೆ ಎರಡು ತಿಂಗಳು ಕಾದ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಕಲಿತದ್ದನ್ನು ನಾನು ಬೇರೆಲ್ಲೂ ಕಲಿಯುತ್ತಿರಲಿಲ್ಲ. ಮುಂದೆ ಏನೂ ಕಾಣದ ಹಾಗೆ ಬಿಳಿ ಗೋಡೆ, ರನ್‌ವೇಯ ದೀಪ ಕೊನೇ ಗಳಿಗೆಯಲ್ಲಿ ಕಾಣುತ್ತದೆ. ಆ ಮೊದಲ ಚಳಿಗಾಲ ನಾನು ಮರೆಯುವುದಿಲ್ಲ.

ದ್ವಾರಕಾದಲ್ಲಿ ಮೂವರು ಸೇರಿ ಮನೆ ಮಾಡಿದ್ದೆವು. ಏರ್‌ಪೋರ್ಟ್ ಹತ್ತಿರ, ನಿದ್ದೆಗೆ ಕೊರತೆ ಇರಲಿಲ್ಲ. ಊಟದ ಚಿಂತೆಯೂ ಬೇಡ. ಆರ್.ಕೆ. ಪುರಂನಲ್ಲಿ ಕರ್ನಾಟಕ ಸಂಘ ಇದೆ, ನಮ್ಮವರು ಸಿಗುತ್ತಾರೆ.

ಪೈಲಟ್_ಮನೆಯಾಕೆ:
ನಾನು ಪೈಲಟ್ ಅಲ್ಲ, ಪೈಲಟ್ ಹೆಂಡತಿ. ಮೈಸೂರಿನಲ್ಲಿ ನನ್ನ ಕೆಲಸ. ನಮ್ಮವರ ಬೇಸ್ ನಾಲ್ಕು ವರ್ಷ ಹೈದರಾಬಾದ್ ಆಗಿತ್ತು. ರಜೆ ಸಿಕ್ಕರೆ ವಿಮಾನದಲ್ಲಿ ಬೆಂಗಳೂರು, ಅಲ್ಲಿಂದ ಫ್ಲೈ ಬಸ್ಸಿನಲ್ಲಿ ಮೈಸೂರು. ಕೇಳುವುದಕ್ಕೆ ಸುಲಭ. ಆದರೆ ಬಾಗಿಲಲ್ಲಿ ನಿಂತಾಗ ಅವರ ಮುಖ ನೋಡಬೇಕಿತ್ತು. ಮಗಳು ಅಪ್ಪ ಅಂತ ಓಡಿಬಂದರೆ ಎತ್ತಿಕೊಂಡು ಸೋಫಾದ ಮೇಲೆ ಕೂತವರು ಹಾಗೇ ನಿದ್ದೆ ಹೋಗುತ್ತಿದ್ದರು. ಮಾರನೇ ದಿನ ಮಧ್ಯಾಹ್ನದಿಂದಲೇ ಫೋನ್ ಹಿಡಿದು ಯಾವ ವಿಮಾನದಲ್ಲಿ ಸೀಟು ಖಾಲಿ ಇದೆ ಅಂತ ನೋಡುವುದು ಶುರು. ಮೈ ಮನೆಯಲ್ಲಿ, ಮನಸ್ಸು ಬಸ್ ಸ್ಟ್ಯಾಂಡಿನಲ್ಲಿ.

ಈಗ ಬೆಂಗಳೂರು ಸಿಕ್ಕಿದೆ. ನಾನು ಕೆಲಸ ಬದಲಾಯಿಸಿಕೊಂಡು ಬಂದೆ. ನನಗೆ ಅದು ಸುಲಭ ಆಗಿರಲಿಲ್ಲ. ಆದರೂ ಹೇಳುತ್ತೇನೆ, ಮನೆಯವರ ಹತ್ತಿರ ನೀವು ಹೋಗುವುದೊಂದೇ ದಾರಿ ಅಲ್ಲ. ಅವರನ್ನು ನಿಮ್ಮ ಹತ್ತಿರ ಕರೆಸಿಕೊಳ್ಳುವುದಕ್ಕೆ ಆಗುತ್ತದಾ ನೋಡಿ.

ದಾವಣಗೆರೆ_ಹಕ್ಕಿ:
ಅಕ್ಕ, ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ಅಪ್ಪ ಊರು ಬಿಡುವುದಿಲ್ಲ ಅನ್ನುತ್ತಾರೆ. ಪಿ.ಜೆ. ಬಡಾವಣೆಯ ಮನೆ, ಸಂಜೆ ಗೆಳೆಯರ ಜೊತೆ ವಾಕಿಂಗ್, ಅದೇ ಅವರ ಪ್ರಪಂಚ.

ನ್ಯೂಜೆರ್ಸಿ_ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಬೇಸ್ ಒಂದು ಊರಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇರುವುದು ಪೈಲಟ್‌ಗಳಲ್ಲಿ ಮಾಮೂಲು. ಎಲ್ಲ ಸೀನಿಯಾರಿಟಿ ನಂಬರ್ ಮೇಲೆ ನಡೆಯುತ್ತದೆ. ಹೊಸಬನಿಗೆ ಯಾರಿಗೂ ಬೇಡದ ಬೇಸ್, ಅದರಲ್ಲೂ ರಿಸರ್ವ್, ಅಂದರೆ ನಿಮ್ಮ ಸ್ಟ್ಯಾಂಡ್‌ಬೈ ಇದ್ದ ಹಾಗೆ. ಬೇರೆ ಕಂಪನಿಯ ವಿಮಾನದ ಜಂಪ್ ಸೀಟಿನಲ್ಲಿ (ಸಿಬ್ಬಂದಿಗೆ ಇರುವ ಹೆಚ್ಚುವರಿ ಸೀಟು) ಕೂತು ಕೆಲಸಕ್ಕೆ ಹೋಗುತ್ತೇವೆ. ಬೇಸ್ ಹತ್ತಿರ ಹತ್ತು ಹನ್ನೆರಡು ಜನ ಸೇರಿ ಮನೆ ಹಿಡಿದಿರುತ್ತಾರೆ, ಅದಕ್ಕೆ ಕ್ರ್ಯಾಶ್ ಪ್ಯಾಡ್ ಅಂತ ಹೆಸರು. ಒಂದೊಂದು ಕೋಣೆಯಲ್ಲಿ ಎರಡು ಮೂರು ಬಂಕ್. ಒಬ್ಬ 3 ಗಂಟೆಗೆ ಎದ್ದು ಹೊರಟರೆ ಎಲ್ಲರಿಗೂ ಎಚ್ಚರ.

ಇದರ ಇನ್ನೊಂದು ಮುಖವೂ ಗೊತ್ತಿರಲಿ. 2009ರ ಫೆಬ್ರವರಿ 12ರಂದು ನೆವಾರ್ಕ್‌ನಿಂದ ಹೊರಟ ಕೋಲ್ಗನ್ ಏರ್ 3407 ಬಫಲೋ ಹತ್ತಿರ ಬಿತ್ತು. ವಿಮಾನದಲ್ಲಿದ್ದ 49 ಜನ, ನೆಲದ ಮೇಲೆ ಒಬ್ಬರು ಸತ್ತರು. ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಮೆಂಫಿಸ್ ಮೇಲೆ ನೆವಾರ್ಕ್‌ಗೆ ಬಂದಿದ್ದರು. ಕ್ಯಾಪ್ಟನ್ ಮನೆ ಫ್ಲೋರಿಡಾ, ಅವರು ರಾತ್ರಿ ಕಳೆದದ್ದು ಏರ್‌ಪೋರ್ಟಿನ ಕ್ರ್ಯೂ ರೂಮಿನಲ್ಲಿ. ಸುಸ್ತಿನಿಂದ ವಿಮಾನ ಬಿತ್ತು. ಅದಾದ ಮೇಲೆಯೇ ಇಲ್ಲಿ 1500 ಗಂಟೆಯ ನಿಯಮ ಬಂದದ್ದು, 2014ರಲ್ಲಿ ಹೊಸ ರೆಸ್ಟ್ ನಿಯಮಗಳು ಜಾರಿಗೆ ಬಂದದ್ದು.

ಹಳೇ_ರೆಕ್ಕೆ:
ಸುಸ್ತಿನಿಂದ ಬಿತ್ತು ಅನ್ನುವುದು ಸರಿಯಲ್ಲ. ತನಿಖಾ ವರದಿಯಲ್ಲಿ ಮುಖ್ಯ ಕಾರಣ ಅಂತ ಇರುವುದು, ವೇಗ ತೀರಾ ಕಡಿಮೆ ಆಯಿತು ಅಂತ ಸ್ಟಿಕ್ ಶೇಕರ್ (ಕಂಟ್ರೋಲ್ ಹಿಡಿಯನ್ನು ಅಲುಗಿಸುವ ಸಾಧನ) ಎಚ್ಚರಿಸಿದಾಗ ಕ್ಯಾಪ್ಟನ್ ಮಾಡಿದ ತಪ್ಪು. ಮೂಗು ಕೆಳಗೆ ಮಾಡುವ ಬದಲು ಮೇಲಕ್ಕೆ ಎಳೆದರು, ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ಎತ್ತಿ ಹಿಡಿಯುವ ಬಲ ಕಳೆದುಕೊಂಡವು. ಇಬ್ಬರಿಗೂ ಆಯಾಸ ಇದ್ದಿರಬಹುದು, ಆದರೆ ಅದರ ಪಾಲು ಎಷ್ಟು ಅಂತ ಹೇಳಲಾಗದು ಅಂತಲೇ ಬರೆದಿದ್ದಾರೆ.

ಆದರೂ ನೀವು ಆ ವಿಷಯ ತೆಗೆದದ್ದು ಒಳ್ಳೆಯದಾಯಿತು. ನಾನು ಏರ್‌ಫೋರ್ಸ್‌ನಿಂದ ಏರ್‌ಲೈನ್‌ಗೆ ಬಂದವನು, ಈಗ ನಿವೃತ್ತ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದ್ದೇನೆ. ಮೊದಲ ಸೆಕ್ಟರ್‌ನಲ್ಲಿ (ಒಂದು ಊರಿಂದ ಇನ್ನೊಂದಕ್ಕೆ ಒಂದು ಹಾರಾಟ) ಚೆನ್ನಾಗಿಯೇ ಇರುತ್ತಾರೆ. ಮೂರನೇ ಸೆಕ್ಟರ್‌ನಲ್ಲಿ ರೇಡಿಯೋದಲ್ಲಿ ನಮ್ಮ ಕಾಲ್‌ಸೈನ್ ಕರೆದರೂ ಕೇಳಿಸುವುದಿಲ್ಲ. ಒಬ್ಬ ಹುಡುಗ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಕೇಳಿದರೆ ಚಕ್ರದ ಗೇರ್ ಲಿವರ್‌ಗೆ ಕೈ ಹಾಕಿದ. ಕೈ ಹಿಡಿದು ತಡೆದೆ. ಕೆಳಗಿಳಿದ ಮೇಲೆ ಕೇಳಿದರೆ, ಸರ್, ನಿನ್ನೆ ರಾತ್ರಿ ರೈಲಿನಲ್ಲಿ ಬಂದೆ ಅಂದ. ಬೈಯಲಿಲ್ಲ. ಕೂರಿಸಿಕೊಂಡು ಚಹಾ ಕುಡಿಸಿದೆ. ಸುಸ್ತಾಗಿದ್ದರೆ ಹಾರುವುದಿಲ್ಲ ಅಂತ ಹೇಳುವ ಹಕ್ಕು ನಮಗಿದೆ, ಅದು ನಮ್ಮ ಜವಾಬ್ದಾರಿಯೂ ಹೌದು. ಆದರೆ ಟ್ರೈನಿಂಗ್‌ನಲ್ಲಿರುವ ಹುಡುಗ ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನ್ಯೂಜೆರ್ಸಿ_ಕನ್ನಡಿಗ:
ಒಪ್ಪಿದೆ ಸರ್. ಅವಸರದಲ್ಲಿ ಬರೆದೆ.

ಬಜ್ಪೆ_ಹುಡುಗಿ:
ಕ್ಯಾಬಿನ್ ಕ್ರ್ಯೂ ಮಾತೂ ಕೇಳಿ. ಆರು ವರ್ಷದಿಂದ ಮುಂಬೈ ಬೇಸ್, ಮನೆ ಮಂಗಳೂರು. ಸ್ಟಾಫ್ ಟಿಕೆಟ್ ಅಂದರೆ ಎಲ್ಲರಿಗೂ ಹೊಟ್ಟೆಕಿಚ್ಚು, ಆದರೆ ಅದು ಸೀಟು ಉಳಿದರೆ ಮಾತ್ರ. ಬಾಗಿಲು ಹಾಕುವ ಹೊತ್ತಿನ ತನಕ ಕೌಂಟರ್ ಹತ್ತಿರ ನಿಂತಿರಬೇಕು. ಗಣೇಶ ಹಬ್ಬ, ದೀಪಾವಳಿ, ಮೇ ತಿಂಗಳ ರಜೆ, ಈ ಸಮಯದಲ್ಲಿ ಆಸೆಯೇ ಇಟ್ಟುಕೊಳ್ಳಬಾರದು. ಮಳೆಗಾಲದಲ್ಲಂತೂ ಬಜ್ಪೆ ಮೇಲೆ ಮೋಡ ಕೂತರೆ ವಿಮಾನ ಇಳಿಯದೆ ಬೇರೆ ಊರಿಗೆ ಹೋಗಿಬಿಡುತ್ತದೆ. ಒಮ್ಮೆ ಅಜ್ಜಿಯ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದವಳು ವಾಪಸ್ ಹೋಗುವಾಗ ಎರಡು ವಿಮಾನದಲ್ಲಿ ಸೀಟು ಸಿಗಲಿಲ್ಲ. ಮೂರನೆಯದಕ್ಕೆ ಕೈಯಿಂದ ಹನ್ನೊಂದು ಸಾವಿರ ಕೊಟ್ಟು ಟಿಕೆಟ್ ತೆಗೆದೆ. ಆವತ್ತಿಂದ ನನ್ನ ನಿಯಮ ಒಂದೇ. ಡ್ಯೂಟಿಯ ಹಿಂದಿನ ದಿನ ಸಂಜೆಯೊಳಗೆ ಮುಂಬೈನಲ್ಲಿ ಇರಬೇಕು, ನಡುವೆ ಕಡೇಪಕ್ಷ ಎರಡು ವಿಮಾನ ಇರಬೇಕು.

ಮರೋಳದಲ್ಲಿ ಇರುವುದರಿಂದ ಏರ್‌ಪೋರ್ಟಿನ ಟಿ2 ಟರ್ಮಿನಲ್‌ಗೆ ಹತ್ತೇ ನಿಮಿಷ. ಬಾಡಿಗೆ ಜಾಸ್ತಿ, ಕೋಣೆ ಚಿಕ್ಕದು. ಆದರೆ ಆ ನಿದ್ದೆ ನನ್ನದು.

ಇನ್ನೂ_ಕ್ಲಾಸಲ್ಲಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಸೇರಬೇಕು ಅಂತಿದ್ದೇನೆ. ಮೆಡಿಕಲ್ ಯಾವಾಗ ಮಾಡಿಸಬೇಕು? ನಂಗೆ ಕನ್ನಡಕ ಇದೆ.

ಹಳೇ_ರೆಕ್ಕೆ:
ಫೀಸು ಕಟ್ಟುವ ಮೊದಲೇ ಮಾಡಿಸಿ. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಪೈಲಟ್‌ಗಳ ಮೆಡಿಕಲ್ ಮಾಡುವ ಏರ್‌ಫೋರ್ಸ್‌ನ ಐಎಎಂ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ಕನ್ನಡಕ ಇದ್ದ ಮಾತ್ರಕ್ಕೆ ಬೇಡ ಅನ್ನುವುದಿಲ್ಲ, ಕನ್ನಡಕ ಹಾಕಿದಾಗ ದೃಷ್ಟಿ ಸರಿ ಇರಬೇಕು. ಉಳಿದದ್ದನ್ನು ಬೇರೆ ಎಳೆಯಲ್ಲಿ ಕೇಳಿ, ಈ ಹುಡುಗನಿಗೆ ಶುಕ್ರವಾರ ಕೊನೆ ದಿನ.

ಪೈಲಟ್_ಮನೆಯಾಕೆ:
ಒಂದು ನೆನಪಾಯಿತು. ಊರಿಗೆ ಹೋದಾಗ ಕೆಮ್ಮು ಅಂತ ಅಮ್ಮ ಕೊಟ್ಟ ಹೋಮಿಯೋಪತಿ ಹನಿ ಕುಡಿಯಬೇಡಿ. ಅದರಲ್ಲಿ ಆಲ್ಕೋಹಾಲ್ ಇರುತ್ತದೆ.

ಯಲಹಂಕದವ:
ನಿಜ. ಬಿಎ ಟೆಸ್ಟ್‌ನಲ್ಲಿ (ಉಸಿರಿನಲ್ಲಿ ಆಲ್ಕೋಹಾಲ್ ಇದೆಯಾ ಅಂತ ನೋಡುವ ಪರೀಕ್ಷೆ) ಸೊನ್ನೆ ಅಂದರೆ ಸೊನ್ನೆ. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ 3 ತಿಂಗಳು ಅಮಾನತು. ಮೌತ್‌ವಾಶ್ ಕೂಡ ಬೇಡ. ಔಷಧಿ ಏನೇ ಇದ್ದರೂ ಕಂಪನಿ ಡಾಕ್ಟರನ್ನು ಕೇಳಿ ತಗೊಳ್ಳಿ.

ಹುಬ್ಬಳ್ಳಿ_ಹೈದರಾಬಾದ್:
ಎಲ್ಲರೂ ಸೇರಿ ಹುಡುಗನಿಗೆ ಭಯ ಹುಟ್ಟಿಸುತ್ತಿದ್ದೀರಿ. ನಾನು ಐದು ವರ್ಷದಿಂದ ಹುಬ್ಬಳ್ಳಿ ಮನೆ, ಹೈದರಾಬಾದ್ ಬೇಸ್ ಅಂತ ನಡೆಸುತ್ತಿದ್ದೇನೆ. ಒಂದು ದಿನವೂ ರಿಪೋರ್ಟಿಂಗ್ ತಪ್ಪಿಸಿಲ್ಲ. ನನ್ನ ಮಕ್ಕಳು ಅಜ್ಜ ಅಜ್ಜಿ ಜೊತೆ ಬೆಳೆಯುತ್ತಿದ್ದಾರೆ, ನಮ್ಮ ಭಾಷೆಯಲ್ಲಿ ಓದುತ್ತಿದ್ದಾರೆ. ನಿದ್ದೆ ಒಂದೇ ಬದುಕಲ್ಲ. ಬೇಸ್‌ನಲ್ಲಿ ಒಂಟಿಯಾಗಿ ಕೂತು ನಾಲ್ಕು ಗೋಡೆ ನೋಡುವವನಿಗೂ ಆಯಾಸ ಆಗುತ್ತದೆ. ಅದರ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಎಟಿಆರ್_ಅಣ್ಣ:
ನೀವು ಈಗ ಕ್ಯಾಪ್ಟನ್ ಅಲ್ವಾ ಸರ್? ಓಡಾಟ ಶುರು ಮಾಡಿದಾಗ ಎಷ್ಟು ವರ್ಷ ಸರ್ವಿಸ್ ಆಗಿತ್ತು?

ಹುಬ್ಬಳ್ಳಿ_ಹೈದರಾಬಾದ್:
ಆರು ವರ್ಷ. ಸರಿ, ನಿಮ್ಮ ಮಾತಿನ ಅರ್ಥ ಗೊತ್ತಾಯಿತು. ಟ್ರೈನಿಂಗ್ ಸಮಯದಲ್ಲಿ ನಾನೂ ಓಡಾಡಿಲ್ಲ, ಹೈದರಾಬಾದ್ ಏರ್‌ಪೋರ್ಟ್ ಇರುವ ಶಂಶಾಬಾದ್ ಹತ್ತಿರವೇ ಕೋಣೆ ಹಿಡಿದಿದ್ದೆ. ಈಗಲೂ ಆ ಕೋಣೆ ಬಿಟ್ಟಿಲ್ಲ, ಪ್ರತಿ ಡ್ಯೂಟಿಯ ಹಿಂದಿನ ರಾತ್ರಿ ಅಲ್ಲೇ ಮಲಗುತ್ತೇನೆ. ಬಾಡಿಗೆ ಉಳಿಸೋಣ ಅಂತ ಅದನ್ನು ಬಿಟ್ಟವರೆಲ್ಲ ಪೆಟ್ಟು ತಿಂದಿದ್ದಾರೆ. ಆದರೆ ಒಂದು ಹೇಳುತ್ತೇನೆ ತಮ್ಮ, ಮನೆಗೆ ಹೋಗಬೇಕು ಅನ್ನುವ ಆಸೆಯನ್ನು ತಪ್ಪು ಅಂದುಕೊಳ್ಳಬೇಡ.

ಬನಶಂಕರಿ_3ನೇ_ಹಂತ:
ಇನ್ನೊಂದು ಯಾರೂ ಹೇಳಿಲ್ಲ. ಬೆಂಗಳೂರು ಬೇಸ್ ಸಿಕ್ಕಿತು ಅಂದರೆ ಮನೆ ಸಿಕ್ಕಿತು ಅಂತಲ್ಲ. ನಾನು ಹುಟ್ಟಿ ಬೆಳೆದದ್ದು ಬನಶಂಕರಿ, ಅಮ್ಮನ ಮನೆಯಿಂದಲೇ ಹೋಗಿಬರೋಣ ಅಂದುಕೊಂಡೆ. ಬೆಳಿಗ್ಗೆ 5:40ರ ಫ್ಲೈಟ್‌ಗೆ ಕ್ಯಾಬ್ ಬರುವುದು 3 ಗಂಟೆಗೆ. ಏಳುವುದು 2ಕ್ಕೆ. ವಾಪಸ್ ಬರುವಾಗ ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡರೆ ಎರಡೂವರೆ ಗಂಟೆ. ನನ್ನ ಜೊತೆಯವನು ಚೆನ್ನೈನಿಂದ ಹಾರಿ ಬಂದು, ನಾನು ಮನೆ ಮುಟ್ಟುವ ಮೊದಲೇ ಅವನ ಮನೆ ಮುಟ್ಟಿ ಫೋನ್ ಮಾಡಿದ. ಎಂಟು ತಿಂಗಳು ಹೀಗೆ ಮಾಡಿ ಸಹಕಾರನಗರಕ್ಕೆ ಬಂದೆ. ಮೆಟ್ರೋ ಏರ್‌ಪೋರ್ಟ್ ಮುಟ್ಟಿದ ಮೇಲೂ ರಾತ್ರಿ 3 ಗಂಟೆಗೆ ರೈಲು ಓಡುವುದಿಲ್ಲ, ಅದನ್ನು ನಂಬಿ ಮನೆ ಹುಡುಕಬೇಡಿ.

ಯಲಹಂಕದವ:
ಅದಕ್ಕೇ ನನ್ನ ಹೆಸರು ಇದು. ಯಲಹಂಕ, ಜಕ್ಕೂರು, ಸಹಕಾರನಗರ, ಈ ಪಟ್ಟಿಯಿಂದ ಆಚೆ ಹೋಗಬೇಡಿ.

ದುಬೈ_ರಾತ್ರಿ:
ಇಲ್ಲಿ ಎಲ್ಲರದ್ದೂ ಒಂದೇ ಬೇಸ್, ಮನೆಯನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಆರಿಸುವ ಕಷ್ಟವೇ ಇಲ್ಲ. ಆದರೆ ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ಸಮುದ್ರ ಅಡ್ಡ ಇರುತ್ತದೆ. ದೇವನಹಳ್ಳಿಯಿಂದ ದಾವಣಗೆರೆ ನನಗೆ ಪಕ್ಕದ ಬೀದಿ ಅನ್ನಿಸುತ್ತದೆ ಗೆಳೆಯ.

ದೆಹಲಿ_ದಿನಗಳು:
ನಾನು ಇನ್ನೂ ದೆಹಲಿ ಅಂತಲೇ ಹೇಳುತ್ತೇನೆ. ಅಪ್ಪನ ವಿಷಯ ಇಲ್ಲದಿದ್ದರೆ ಅದರಲ್ಲಿ ಎರಡು ಮಾತೇ ಇರಲಿಲ್ಲ. ಇನ್ನೊಂದು ಗೊತ್ತಿರಲಿ, ಬೇಸ್ ಇಷ್ಟ ಆಗಲಿಲ್ಲ ಅಂತ ಕಂಪನಿ ಬಿಡುವುದು ಸುಲಭ ಅಲ್ಲ. ಕೋ-ಪೈಲಟ್‌ಗೆ 6 ತಿಂಗಳ ನೋಟಿಸ್ ಅಂತ ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮ ಇದೆ, ಅದರ ಮೇಲೆ ನಿಮ್ಮ ಬಾಂಡ್. ಬರೆಯುವ ಮೊದಲು ಕಂಪನಿಗೆ ಎರಡು ಪ್ರಶ್ನೆ ಕೇಳಿ. ಲೈನ್ ಟ್ರೈನಿಂಗ್ ಬೇಸ್ ಮತ್ತು ಆಮೇಲಿನ ಬೇಸ್ ಎರಡೂ ಒಂದೇನಾ? ವರ್ಗದ ಅರ್ಜಿ ಎಷ್ಟು ತಿಂಗಳಾದ ಮೇಲೆ ಹಾಕಬಹುದು? ನಮ್ಮಲ್ಲಿ ಆ ಎರಡು ಬೇಸ್ ಬೇರೆ ಬೇರೆ ಇದ್ದವು. ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ತಲೆ ಕೆಡಿಸಿಕೊಂಡಿದ್ದರು.

ದಾವಣಗೆರೆ_ಹಕ್ಕಿ:
ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಆಫೀಸಿಗೆ ಫೋನ್ ಮಾಡಿ ಕೇಳಿದೆ. ದೆಹಲಿ_ದಿನಗಳು ಹೇಳಿದ್ದು ಸರಿ. ಟ್ರೈನಿಂಗ್‌ಗೆ ಎಲ್ಲಿಗೆ ಬೇಕಾದರೂ ಕಳಿಸುತ್ತಾರಂತೆ, ಆಗ ಹೋಟೆಲ್ ಅವರದೇ. ಈ ಫಾರ್ಮ್ ಇರುವುದು ಲೈನ್ ರಿಲೀಸ್ ಆದ ಮೇಲಿನ ಬೇಸ್‌ಗೆ. ವರ್ಗದ ಅರ್ಜಿ ಒಂದು ವರ್ಷದ ಮೇಲೆ.

ಅಪ್ಪನ ಜೊತೆಯೂ ಕೂತು ಮಾತಾಡಿದೆ. ಎಟಿಆರ್ ಅಣ್ಣನ 33 ಗಂಟೆ ಲೆಕ್ಕ ಓದಿ ಹೇಳಿದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ರಾತ್ರಿ ಬಸ್ಸು ಓಡಿಸಿದವರು. ಪೂರ್ತಿ ಕೇಳಿ, ನೈಟ್ ಔಟ್ ಮಾಡಿ ಬಂದ ಡ್ರೈವರ್‌ಗೆ ಮಾರನೇ ಬೆಳಿಗ್ಗೆ ಯಾವ ಡಿಪೋ ಮ್ಯಾನೇಜರೂ ಬಸ್ಸು ಕೊಡುತ್ತಿರಲಿಲ್ಲ, ನೀನು ನನ್ನನ್ನು ನೋಡುವುದಕ್ಕೆ ಅಂತ ನಿದ್ದೆಗೆಟ್ಟು ಓಡಾಡುವುದು ಬೇಡ ಅಂದರು. ಅಷ್ಟು ಹೇಳಿ ಒಳಗೆ ಹೋದರು. ಆಮೇಲೆ ಅಮ್ಮ ಬಂದು, ತಿಂಗಳಿಗೆ ಹತ್ತು ದಿನ ನಾವೇ ಬಂದು ಇದ್ದರೆ ಆಗುತ್ತದಾ ಕೇಳು ಅಂತಾರೆ ನಿಮ್ಮಪ್ಪ ಅಂದರು. ಜಯದೇವ ಆಸ್ಪತ್ರೆಯ ಚೆಕಪ್ಪಿಗೆ ಹೇಗೂ ಬೆಂಗಳೂರಿಗೆ ಬರಬೇಕು.

ಬೆಂಗಳೂರು, ಹೈದರಾಬಾದ್, ದೆಹಲಿ ಅಂತ ಬರೆದು ಕಳಿಸಿದೆ. ಯಾವುದು ಬಂದರೂ ಮೊದಲ ವರ್ಷ ಬೇಸ್ ಊರಲ್ಲೇ ಇರುತ್ತೇನೆ. ಬೆಂಗಳೂರು ಬಂದರೆ ಪಿಜಿ ಬೇಡ, ಎರಡು ಕೋಣೆಯ ಮನೆ ನೋಡುತ್ತೇನೆ.

ಎಟಿಆರ್_ಅಣ್ಣ:
ಸರಿಯಾಗಿ ಮಾಡಿದೆ ತಮ್ಮ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ಪೈಲಟ್_ಮನೆಯಾಕೆ:
ಒಂದು ಕೋಣೆಗೆ ದಪ್ಪ ಪರದೆ ಹಾಕಿಸಿ. ಹಗಲು ಮಲಗುವಾಗ ಬೇಕಾಗುತ್ತದೆ.

ಯಲಹಂಕದವ:
ನಮ್ಮ ರಸ್ತೆಯಲ್ಲಿ ನೆಲಮಹಡಿ ಮನೆಯೊಂದು ಖಾಲಿ ಆಗುತ್ತಿದೆ, ಮೆಟ್ಟಿಲು ಹತ್ತುವ ಕೆಲಸ ಇಲ್ಲ. ಅಪ್ಪನಿಗೆ ಅನುಕೂಲ. ಬೇಸ್ ಲೆಟರ್ ಬಂದ ದಿನವೇ ಇಲ್ಲಿ ಮೆಸೇಜ್ ಹಾಕಿ, ಓನರ್ ಹತ್ತಿರ ನಾನು ಮಾತಾಡುತ್ತೇನೆ.